ಅರ್ಧ ಎಳೆತದಲ್ಲಿ ಶೇಂಗಾ

ಚಳ್ಳಕೆರೆಯ ಪದವಿಪೂರ್ವ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ ಮುದ್ದಕ್ಕ ಹತ್ತೊಂಬತ್ತು ವರ್ಷದಿಂದ ಅಟೆಂಡರ್. ತವರು ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ. ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ಅವ್ವನ ಜೊತೆ ಶೇಂಗಾ ಹೊಲಗಳಲ್ಲಿ ಕೂಲಿ ಮಾಡಿದವಳು. ಲ್ಯಾಬಿನ ಸಾಮಾನು ಕೆಟ್ಟರೆ ತಾನೇ ಬಿಚ್ಚಿ ಸರಿಮಾಡುತ್ತಾಳೆ. ತಲೆಗೆ ಒಂದು ಅನುಮಾನ ಹೊಕ್ಕರೆ ಅದು ತೀರುವವರೆಗೆ ಬಿಡುವವಳಲ್ಲ.

ಹೋದ ವರ್ಷ ಜುಲೈನಲ್ಲಿ ಉಪನ್ಯಾಸಕಿ ಮಾಲತಿ ನಾಲ್ವರು ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಒಂದು ಸ್ಪರ್ಧೆಗೆ ಸಿದ್ಧತೆ ಶುರುಮಾಡಿದರು. ಸಾವಿರ ಜನ ಬಾಳಬಹುದಾದ ಅಂತರಿಕ್ಷ ನಿಲ್ದಾಣವೊಂದನ್ನು ವಿನ್ಯಾಸ ಮಾಡಿ ಕಳಿಸಬೇಕು. ಲ್ಯಾಬಿನ ಬೋರ್ಡಿನ ಮೇಲೆ ದೊಡ್ಡ ಚಕ್ರ ಬರೆದರು. ಚಕ್ರ ನಿಮಿಷಕ್ಕೆ ಎರಡು ಸುತ್ತು ತಿರುಗುತ್ತದೆ, ಒಳಗಿದ್ದವರನ್ನು ಅಂಚಿಗೆ ಒತ್ತುತ್ತದೆ, ಆ ಒತ್ತೇ ಅಲ್ಲಿ ಭೂಮಿಯ ಎಳೆತದ ಹಾಗೆ ಕೆಲಸ ಮಾಡುತ್ತದೆ ಎಂದು ವಿವರಿಸಿದರು. ಮನೆಗಳೆಲ್ಲ ಅಂಚಿನಲ್ಲಿ. ಬೆಳೆ ನಟ್ಟನಡುವೆ.

ಬೀಕರ್ ತೊಳೆಯುತ್ತಿದ್ದ ಮುದ್ದಕ್ಕ ಕೈ ಒರೆಸಿಕೊಂಡು ಬಂದಳು.

"ಮೇಡಂ, ನಡುವಿನಾಗೂ ಎಳೆತ ಐತಾ?"

"ಇಲ್ಲ. ಅಲ್ಲಿ ಎಲ್ಲ ತೇಲುತ್ತೆ."

"ಮತ್ತೆ ಶೇಂಗಾ ಹೂವು ಬಾಡಿದ ಮ್ಯಾಲೆ ಸೂಜಿ ಬಿಟ್ಟು ಕಾಯಿ ಕಟ್ಟಾಕೆ ಮಣ್ಣಿಗೆ ಇಳೀತೈತಲ್ಲ, ಅದಕ್ಕೆ ಕೆಳಗೆ ಯಾವುದು ಅಂತ ಹೆಂಗೆ ಗೊತ್ತಾಗ್ತೈತಿ?"

ಹುಡುಗರು ನಕ್ಕರು. ಮಾಲತಿ ನಗಲಿಲ್ಲ. "ಗಿಡ ಬೆಳಕು ನೋಡ್ಕೊಂಡು ಬೆಳೆಯುತ್ತೆ ಮುದ್ದಕ್ಕ" ಎಂದರು.

"ಮಣ್ಣಿನೊಳಗೆ ಬೆಳಕೆಲ್ಲಿ ಮೇಡಂ?"

ಮುದ್ದಕ್ಕ ತಾನೇ ನೋಡಿಬಿಡುವುದೆಂದು ತೀರ್ಮಾನಿಸಿದಳು. ಸೂಜಿ ಬಿಡಲು ನಲವತ್ತು ದಿನ ಬೇಕು, ಆದರೆ ಬೇರು ಮೂರು ದಿನಕ್ಕೇ ಬರುತ್ತದೆ. ಮೊದಲು ಬೇರನ್ನೇ ಕೇಳೋಣ ಎಂದುಕೊಂಡಳು.

ಗಂಡ ಪಾಲಾಕ್ಷನದು ಸೈಕಲ್ ರಿಪೇರಿ ಅಂಗಡಿ. ಅವನು ಅಂಗಡಿಯಲ್ಲೇ ಒಂದು ಹಳೇ ಚಕ್ರವನ್ನು ಕಬ್ಬಿಣದ ಸ್ಟ್ಯಾಂಡಿಗೆ ನೆಟ್ಟಗೆ ನಿಲ್ಲಿಸಿ, ವೆಟ್ ಗ್ರೈಂಡರಿನ ಮೋಟರಿಗೆ ಬೆಲ್ಟ್ ಹಾಕಿ ಕೊಟ್ಟ. ನಿಮಿಷಕ್ಕೆ ಸುಮಾರು ಅರವತ್ತು ಸುತ್ತು. ಅಂಚಿನಲ್ಲಿ ಎಂಟು ಪುಟ್ಟ ಡಬ್ಬಿಗಳು. ಒಳಗೆ ಒದ್ದೆ ಹತ್ತಿ, ಒಂದೊಂದು ಶೇಂಗಾ ಬೀಜ. ಬೆಳಕು ಒಳಹೋಗದಂತೆ ಮುಚ್ಚಳ. ಚಕ್ರ ನೆಟ್ಟಗೆ ತಿರುಗುವಾಗ ಭೂಮಿಯ ಎಳೆತ ಬೀಜಕ್ಕೆ ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ತಾಗಿ ವಜಾ ಆಗುತ್ತದೆ, ಉಳಿಯುವುದು ಚಕ್ರದ ಒತ್ತು ಮಾತ್ರ ಎಂದು ಮಾಲತಿಯೇ ಹೇಳಿಕೊಟ್ಟರು.

ಮೊದಲ ಸಲ ನೀರೆಲ್ಲ ಮುಚ್ಚಳದ ಸಂದಿಯಿಂದ ಸಿಡಿದುಹೋಗಿ ಬೀಜ ಒಣಗಿದವು. ಸೈಕಲ್ ಟ್ಯೂಬ್ ಕತ್ತರಿಸಿ ಸಂದಿಗೆ ಬಿಗಿದಳು. ಎರಡನೇ ಸಲ ಮೊಳಕೆ ಬಂತು. ಆದರೆ ಮೂರನೇ ದಿನ ಬೆಳಿಗ್ಗೆ ಹೋದ ಕರೆಂಟು ಮಧ್ಯಾಹ್ನ ಬಂತು. ಡಬ್ಬಿ ತೆಗೆದಾಗ ಬೇರುಗಳು ಕೊಕ್ಕೆಯ ಹಾಗೆ ಬಾಗಿದ್ದವು.

"ಹೋತು ಬಿಡು" ಎಂದ ಪಾಲಾಕ್ಷ.

"ಹೆಂಗೆ ಹೋತು? ನೋಡ್ರಿ ಇಲ್ಲಿ. ಚಕ್ರ ತಿರುಗೋ ತನಕ ಅಂಚಿನ ಕಡೆ ಹೋಗೈತಿ. ನಿಂತ ಮ್ಯಾಲೆ ನೆಲದ ಕಡೆ ತಿರುಗೈತಿ. ಬೇರಿಗೆ ಎಲ್ಲ ತಿಳೀತೈತಿ. ಇನ್ನೊಂದು ಸಲ ಹಾಕಾನ."

ಮೂರು ದಿನ ರಜೆ ಬರೆದುಕೊಟ್ಟಳು. ಚಕ್ರಕ್ಕೆ ಪೆಡಲ್ ಜೋಡಿಸಿಕೊಂಡಳು. ಕರೆಂಟು ಹೋದಾಗಲೆಲ್ಲ ಗಂಡ ಹೆಂಡತಿ ಪಾಳಿಯ ಮೇಲೆ ತುಳಿದರು. ಗಿರಾಕಿಗಳು "ಏನಲೇ ಪಾಲಾಕ್ಷ, ಹೊಸ ಗಿರಣಿನಾ?" ಎಂದು ರೇಗಿಸಿದರು. ಮೂರನೇ ದಿನ ಮಾಲತಿ ಅಂಗಡಿಗೇ ಬಂದರು. ಎಂಟು ಡಬ್ಬಿಯಲ್ಲೂ ಬೇರು ಅಂಚಿನ ಕಡೆಗೆ, ಕುಡಿ ನಡುವಿನ ಕಡೆಗೆ ಇತ್ತು. ಮಾಲತಿ ಒಂದೊಂದನ್ನೂ ಎರಡೆರಡು ಸಲ ನೋಡಿದರು.

"ಹೊಲಾನ ನಡುವಿನಿಂದ ತೆಗೀಬೇಕು" ಎಂದರು.

ಆದರೆ ನಿಲ್ದಾಣದ ಅಂಚಿನಲ್ಲಿ ಮನೆಗಳೇ ತುಂಬಿದ್ದವು. ನಕ್ಷೆ ಬರೆಯುತ್ತಿದ್ದ ವಿದ್ಯಾರ್ಥಿ ಮಾರುತೇಶ ತಲೆ ಕೆರೆದುಕೊಂಡ. "ಜಾಗ ಇಲ್ಲ ಮುದ್ದಕ್ಕ. ಅರ್ಧ ದಾರಿಯಲ್ಲಿ ಇಟ್ಟರೆ ಎಳೆತನೂ ಅರ್ಧ ಆಗುತ್ತೆ."

"ಅರ್ಧ ಸಾಲಲ್ಲ ಅಂತ ಯಾರು ಹೇಳಿದ್ರು? ತಡಿ, ನೋಡಾನ."

ಈ ಸಲ ಡಬ್ಬಿಗಳನ್ನು ಚಕ್ರದ ಕಡ್ಡಿಗಳ ಅರ್ಧಕ್ಕೆ ಕಟ್ಟಿದಳು. ಮತ್ತೆ ಮೂರು ದಿನ, ಮತ್ತೆ ಪೆಡಲ್. ಬೇರು ಸ್ವಲ್ಪ ಸೊಟ್ಟಗಿದ್ದರೂ ದಿಕ್ಕು ತಪ್ಪಿರಲಿಲ್ಲ. ನಿಲ್ದಾಣದ ನಕ್ಷೆಯಲ್ಲಿ ಅಂಚಿಗೂ ನಡುವಿಗೂ ಮಧ್ಯೆ ಹೊಸದೊಂದು ಬಳೆ ಎದ್ದಿತು. ಅದೇ ಹೊಲ. ನಾಲ್ಕನೇ ಹಾಳೆ ಪೂರ್ತಿ ಅದರದ್ದೇ.

ಕಳಿಸುವ ಹಿಂದಿನ ದಿನ ಮಾಲತಿ ಕೊನೆಯ ಪುಟದ ಕೃತಜ್ಞತೆಯಲ್ಲಿ ಮುದ್ದಕ್ಕನ ಹೆಸರು ತೋರಿಸಿದರು. ಅವಳು ಓದಿ, ಹಾಳೆ ವಾಪಸು ಕೊಟ್ಟಳು.

"ಕೃತಜ್ಞತೆ ಬ್ಯಾಡ್ರಿ ಮೇಡಂ. ನಾಲ್ಕನೇ ಹಾಳೆ ಮ್ಯಾಲೆ ಹಾಕ್ರಿ. ಆ ಕೆಲಸ ನಂದು."

ತಂಡದಲ್ಲಿ ವಿದ್ಯಾರ್ಥಿಗಳಿಗೆ ಮಾತ್ರ ಜಾಗ ಎಂಬುದು ನಿಯಮ. ಆದರೂ ಮಾಲತಿ ಅಂದೇ ಸ್ಪರ್ಧೆಯವರಿಗೆ ಫೋನ್ ಮಾಡಿ ವಾದಿಸಿದರು. ತಂಡಕ್ಕೆ ಸೇರಿಸಲಾಗದು, ಹಾಳೆಯ ಮೇಲೆ ಪ್ರಯೋಗ ಮಾಡಿದವರ ಹೆಸರು ಹಾಕಬಹುದು ಎಂದು ಉತ್ತರ ಬಂತು. 'ಪ್ರಯೋಗ: ಮುದ್ದಕ್ಕ, ಚಳ್ಳಕೆರೆ' ಎಂದು ಮಾರುತೇಶನೇ ಬರೆದ.

ಡಿಸೆಂಬರಿನಲ್ಲಿ ತೀರ್ಪುಗಾರರು ವಿಡಿಯೋ ಕಾಲ್ ಮಾಡಿ ನಾಲ್ಕನೇ ಹಾಳೆಯ ಬಗ್ಗೆಯೇ ಹೆಚ್ಚು ಕೇಳಿದರು. ಮುದ್ದಕ್ಕ ಕನ್ನಡದಲ್ಲಿ ಹೇಳುತ್ತ ಹೋದಳು, ಮಾಲತಿ ಇಂಗ್ಲಿಷಿಗೆ ತಿರುಗಿಸಿದರು. "ಅರ್ಧಕ್ಕಿಂತ ಕಡಿಮೆ ಎಳೆತ ಇದ್ದರೆ?" ಎಂದರು ಒಬ್ಬರು.

"ಇನ್ನೂ ನೋಡಿಲ್ಲ ಸಾರ್. ನೋಡಿ ಹೇಳ್ತೀನಿ."

ಬಹುಮಾನ ಬೇರೆ ಊರಿನ ತಂಡಕ್ಕೆ ಹೋಯಿತು. ಇವರಿಗೆ ಬಂದದ್ದು ಮೆಚ್ಚುಗೆಯ ಪತ್ರ ಮಾತ್ರ. ಹುಡುಗರು ಎರಡು ದಿನ ಸಪ್ಪಗಿದ್ದರು. ಮುದ್ದಕ್ಕ ಆ ವಾರವೇ ಡಬ್ಬಿಗಳನ್ನು ಇನ್ನಷ್ಟು ಒಳಗೆ, ಕಾಲು ಎಳೆತದ ಜಾಗಕ್ಕೆ ಸರಿಸಿ ಕಟ್ಟಿದಳು. ಈ ಸಲ ಶೇಂಗಾ ಜೊತೆ ತೊಗರಿಯೂ ಇದೆ.