ಮಂಗಳಾರತಿಗೂ ಮೀಟರ್

ನೋಡಿ ಗೆಳತಿಯರೇ, ಇವತ್ತು ದೇವರ ಮುಂದೆಯೇ ನಮ್ಮ ಯಜಮಾನರನ್ನು ಬೈಯಬೇಕಾಯಿತು.

ಪೀಣ್ಯದ ನಮ್ಮ ಪುಟ್ಟ ವರ್ಕ್‌ಶಾಪಿಗೆ ಕ್ವಾಲಿಟಿ ಸರ್ಟಿಫಿಕೇಟ್ ಬೇಕಂತೆ. ಅದರ ಕಾಗದಪತ್ರ ಸರಿಮಾಡಿಕೊಡಲು ಮಂಜುನಾಥ್ ಅಂತ ಒಬ್ಬ ಕನ್ಸಲ್ಟೆಂಟ್ ಗಂಟೆ ಲೆಕ್ಕದಲ್ಲಿ ಬರುತ್ತಾರೆ. ಇವತ್ತು ಸೋಮವಾರ. ನಾನು ಲೇತ್ ಮೆಷಿನ್ನಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಮಂಗಳಾರತಿ ಎತ್ತಿದೆ. ಮಂಜುನಾಥ್ ಕೂಡ ಎದ್ದು ಬಂದು ಕೈಮುಗಿದು ನಿಂತರು. ನಮ್ಮ ಯಜಮಾನರು ವಾಚು ನೋಡಿಕೊಂಡು, "ಬೇಗ ಮುಗ್ಸೇ, ಅವರ ಮೀಟರ್ ಓಡ್ತಿದೆ" ಎನ್ನಬೇಕೇ!

"ಶಿವನ ಮುಂದೆ ಎಂಥಾ ಮೀಟರ್ರೀ? ಹೋದ ವಾರ ಊಟಕ್ಕೂ ಏಳೋಕೆ ಬಿಡ್ಲಿಲ್ಲ ನೀವು. ಪಾಪ, ಬರೀ ಕಾಫಿ ಕುಡ್ಕೊಂಡು ಹೋದ್ರು. ದಿನದ ಲೆಕ್ಕ ಮಾಡ್ಕೊಳ್ಳಿ!" ಎಂದೆ.

"ನಾನೂ ಮೊದ್ಲು ಅದನ್ನೇ ಕೇಳಿದ್ದೆ ಅಮ್ಮಾ, ಸಾರೇ ಒಪ್ಲಿಲ್ಲ" ಎಂದರು ಮಂಜುನಾಥ್.

ಆರತಿ ತಟ್ಟೆ ಹಿಡಿದು ನಿಂತಲ್ಲಿಂದ ನಾನು ಕದಲಲಿಲ್ಲ. ಯಜಮಾನರು ಒಪ್ಪಿದರು. ಮಧ್ಯಾಹ್ನ ಮಂಜುನಾಥ್ ನಿಧಾನವಾಗಿ ಕುಳಿತು ಮೂರು ರೊಟ್ಟಿ, ಎಣ್ಣೆಗಾಯಿ ಉಂಡರು. ನನಗೇ ಹೊಟ್ಟೆ ತುಂಬಿದಂತಾಯಿತು.

ಸಂಜೆ ಐದಕ್ಕೆ ಅವರು ಬ್ಯಾಗು ಎತ್ತಿಕೊಂಡರೆ ನಮ್ಮವರು ಬಿಡಬೇಕಲ್ಲ! "ಎಲ್ಲಿಗೆ ಸಾರ್? ಕೂತ್ಕೊಳ್ಳಿ. ದಿನ ಅಂದ್ರೆ ದೀಪ ಹಚ್ಚೋವರೆಗೂ."

ಮಂಜುನಾಥ್ ನನ್ನ ಮುಖ ನೋಡಿದರು. ಹೊರಗೆ ಇನ್ನೂ ಬಿಸಿಲು ಹೊಡೆಯುತ್ತಿತ್ತು. ನಾನು ಎದ್ದು ಹೋಗಿ ದೀಪ ಹಚ್ಚಿಬಿಟ್ಟೆ.

ಸ್ವಲ್ಪ ಬೇಗವೇ ಆಯಿತು, ನಿಜ. ಆದರೆ ಶಿವನೇನೂ ಗಂಟೆ ಲೆಕ್ಕ ಕೇಳುವವನಲ್ಲ.