ಅರ್ಧ ಸುದ್ದಿ ಕೊಡದ ಶಾಫಿ

ಕತಾರಿನ ರಾಸ್ ಲಫಾನಿನ ಕ್ಯಾಂಪಿಗೆ ಇನ್ನೂ ಬೆಳಕು ಹರಿದಿಲ್ಲ. ಆಫೀಸೆಂದು ಕರೆಸಿಕೊಳ್ಳುವ ತಗಡಿನ ಕೋಣೆಯಲ್ಲಿ ಫ್ಯಾಕ್ಸ್ ಯಂತ್ರ ಕಿರುಗುಟ್ಟುತ್ತಿದೆ. ಅದರ ಮುಂದೆ ಶಾಫಿ ಕೈಕಟ್ಟಿ ನಿಂತಿದ್ದಾರೆ. ಅಮೆರಿಕದ ಒಹಾಯೋದಲ್ಲಿ ಈಗ ಶನಿವಾರ ರಾತ್ರಿ, ಇಲ್ಲಿ ಭಾನುವಾರ ಬೆಳಗಿನ ಐದು ಗಂಟೆ. ಹೆಂಗಸೊಬ್ಬಳ ದುಂಡು ಇಂಗ್ಲಿಷ್ ಅಕ್ಷರ ಸಾಲು ಸಾಲಾಗಿ ಇಳಿಯುತ್ತಿದೆ: ನಮ್ಮವನು ಬಿದ್ದ, ಮೂವರು ಅವನ ಮೇಲೆ ಬಿದ್ದರು, ಅವನು ಏಳಲಿಲ್ಲ, ಸ್ಟ್ರೆಚರ್ ತಂದರು. ಅಷ್ಟಕ್ಕೆ ಯಂತ್ರ ಕುಂಯ್ ಎಂದು ನಿಲ್ಲುತ್ತದೆ. ಕಾಗದದ ಸುರುಳಿ ಮುಗಿದಿದೆ.

ಶಾಫಿ ಹಣೆ ಚಚ್ಚಿಕೊಳ್ಳುತ್ತಾರೆ. ಸುರುಳಿ ಮುಗಿಯುತ್ತ ಬಂದಾಗ ಕಾಣುವ ಕೆಂಪು ಗೆರೆ ನಿನ್ನೆ ಸಂಜೆಯೇ ಕಂಡಿತ್ತು. ಇನ್ನೊಂದಕ್ಕೆ ಸಾಕಾದೀತು ಎಂದು ಬಿಟ್ಟವರು ಇವರೇ.

ಪಾಣೆಮಂಗಳೂರಿನ ಶಾಫಿ ಕತಾರಿಗೆ ಬಂದದ್ದು ಎಂಬತ್ತೈದರಲ್ಲಿ, ಹನ್ನೊಂದು ವರ್ಷದ ಹಿಂದೆ. ಅನಿಲ ಸ್ಥಾವರ ಕಟ್ಟುವ ನಾನೂರು ಮಂದಿಯ ಈ ಕ್ಯಾಂಪಿನಲ್ಲಿ ಟಪಾಲು, ಹಾಜರಿ ಪಟ್ಟಿ, ದಿನಕ್ಕೆ ಅರವತ್ತು ಫ್ಯಾಕ್ಸು, ಸಾಲದ್ದಕ್ಕೆ ಆಫೀಸಿನ ಚಹಾ, ಎಲ್ಲ ಅವರ ತಲೆಗೇ ಕಟ್ಟಿದೆ. ಸೆಪ್ಟೆಂಬರಿನಿಂದ ಇದೊಂದು ಭಾನುವಾರದ ಕೆಲಸ ಸೇರಿಕೊಂಡಿದೆ. ಪೈಪಿನ ಬೆಸುಗೆ ತಪಾಸಣೆ ಮಾಡುವ ಮೈಕಲ್ ಎಂಬ ಅಮೆರಿಕನ್ನರೊಬ್ಬರ ಮಗ ಅಲ್ಲಿನ ಒಂದು ಪುಟ್ಟ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿದ್ದಾನೆ. ಟೀವಿಯವರು ತಿರುಗಿಯೂ ನೋಡದ ಕೆಳಗಿನ ದರ್ಜೆ, ಋತುವಿಗೆ ಹತ್ತೇ ಪಂದ್ಯ. ತಾಯಿ ಉರ್ಸುಲಾ ಪ್ರತಿ ಪಂದ್ಯ ನೋಡಿ ಊರಿನ ಅಂಗಡಿಯಿಂದ ಗಂಡನಿಗೆ ಫ್ಯಾಕ್ಸ್ ಕಳಿಸುತ್ತಾರೆ. ಇಂದಿನದು ಹತ್ತನೆಯದು, ಹುಡುಗನ ಕಾಲೇಜು ದಿನಗಳ ಕೊನೆಯದು.

"ಆ ಆಟ ನಂಗೆ ತಲೆಬುಡ ಅರ್ಥ ಆಗುದಿಲ್ಲ. ಹೆಸರು ಫುಟ್‌ಬಾಲು, ಚೆಂಡು ಕೈಯಲ್ಲಿ ಹಿಡ್ಕೊಂಡು ಓಡುದು! ಆದ್ರೆ ನಾವು ಗೆದ್ದ ದಿನ ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿ ಬೀಳ್ತದೆ," ಎನ್ನುತ್ತಾರೆ ಶಾಫಿ. 'ನಾವು' ಎಂದದ್ದು ಅವರ ಗಮನಕ್ಕೇ ಬಂದಿಲ್ಲ. ಇಲ್ಲಿನ ಸೆಕೆಗೆ ಫ್ಯಾಕ್ಸಿನ ಅಕ್ಷರ ಬೇಗ ಮಾಸುತ್ತದೆ. ಹಾಗಾಗಿ ಒಂಬತ್ತೂ ಪಂದ್ಯಗಳನ್ನು ಅವರು ನೋಟ್‌ಬುಕ್ಕಿಗೆ ನಕಲು ಮಾಡಿಟ್ಟಿದ್ದಾರೆ. ಮಾಡೆಂದು ಯಾರೂ ಹೇಳಿರಲಿಲ್ಲ.

ಐದೂವರೆಗೆ ಬಸ್ಸು. ಮೈಕಲ್ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಾಗಿದೆ. ಸ್ಥಾವರದೊಳಗೆ ಹೋದರೆ ಸಂಜೆಯವರೆಗೆ ಅವರಿಗೆ ಸುದ್ದಿ ಮುಟ್ಟಿಸುವ ದಾರಿಯಿಲ್ಲ. ಒಹಾಯೋದ ಮನೆಗೆ ಫೋನು ಮಾಡಿದರೆ ಎತ್ತುವವರಿಲ್ಲ, ಉರ್ಸುಲಾ ಅಂಗಡಿಯಲ್ಲೇ ಇದ್ದಾರೆ. ಸ್ಟ್ರೆಚರಿನ ಸುದ್ದಿಯನ್ನಷ್ಟೇ ತಲೆಯಲ್ಲಿಟ್ಟುಕೊಂಡು ಆ ಅಪ್ಪ ನಲವತ್ತಡಿ ಎತ್ತರದ ಅಟ್ಟಣಿಗೆ ಹತ್ತಬೇಕೇ?

ಶಾಫಿಗೆ ಇಂಥದ್ದೊಂದು ಹಳೆಯ ಪೆಟ್ಟಿದೆ. ಮೊದಲು ದೋಹಾದ ಮುಶೈರಿಬಿನ ರೂಮಿನಲ್ಲಿದ್ದಾಗ ಓದುಬರಹ ಬಾರದವರಿಗೆ ಊರಿನ ಕಾಗದ ಓದಿ ಹೇಳುತ್ತಿದ್ದರು. ಒಂದು ಶುಕ್ರವಾರ ಕೋಲಾರದ ಗಾರೆ ಕೆಲಸದ ಮುನಿಯಪ್ಪನಿಗೆ ಓದುತ್ತಿದ್ದಾರೆ. "'ಅಮ್ಮನನ್ನು ಡಾಕ್ಟರು ಕೈಬಿಟ್ರು' ಅಂತ ಪುಟ ಮುಗೀತು. ನಾನು ಮಗುಚಿ ಹಾಕುವುದರೊಳಗೆ ಮುನಿಯಪ್ಪ ದಡಾರನೆ ಬಿದ್ದ, ಎದುರಿನ ಹಲ್ಲು ಹೋಯ್ತು. ಆಚೆ ಬದಿಯಲ್ಲಿ ಎಂಥ ಇತ್ತು ಗೊತ್ತುಂಟಾ? ಅಮ್ಮ ಈಗ ಎದ್ದು ಕೂತು ಗಂಜಿ ಕುಡಿತಿದ್ದಾರೆ ಅಂತ!" ಅಂದಿನಿಂದ ಕೊನೆಯ ಸಾಲಿನವರೆಗೆ ತಾವು ಓದದೆ ಶಾಫಿ ಯಾರಿಗೂ ಬಾಯಿ ಬಿಡುವುದಿಲ್ಲ.

"ಪೇಪರ್ ಖಲಾಸ್ ಸರ್, ಹತ್ತು ನಿಮಿಷ," ಎಂದು ಇಂಗ್ಲಿಷಿನಲ್ಲಿ ಹೇಳಿ, ಬಂದಷ್ಟು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಡ್ರೈವರ್ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ಹಾರನ್ ಒತ್ತುತ್ತಿದ್ದಾನೆ. ಒತ್ತಲಿ. ಹಾಜರಿ ಪಟ್ಟಿ ತೋರಿಸದೆ ಸ್ಥಾವರದ ಗೇಟು ತೆರೆಯುವುದಿಲ್ಲ, ಆ ಪಟ್ಟಿ ಶಾಫಿಯ ಕಂಕುಳಲ್ಲಿದೆ. ಅದನ್ನು ಅವುಚಿಕೊಂಡೇ ಅವರು ಸ್ಟೋರ್ ಕೀಪರ್ ಲ್ಯಾನ್ಸ್‌ಲಾಟನ ಕೋಣೆಗೆ ಓಡುತ್ತಾರೆ.

"ಎಂಥ ಮಾರಾಯ, ಏಳು ಗಂಟೆಗೆ ಸ್ಟೋರ್ ತೆಗೀತೇನೆ," ಎಂದು ಮಂಗಳೂರಿನ ಲ್ಯಾನ್ಸ್‌ಲಾಟ್ ಹೊದಿಕೆಯೊಳಗಿನಿಂದಲೇ ಗೊಣಗುತ್ತಾನೆ.

"ಒಂದು ಹುಡುಗನ ಜೀವದ ವಿಷಯ. ಬೀಗದ ಕೈ ಕೊಟ್ಟು ಮಲಕ್ಕೊ."

ಶಾಫಿ ಸ್ಟೋರಿನಿಂದ ಹೊಸ ಸುರುಳಿ ತಂದು ಕೂರಿಸುತ್ತಾರೆ. ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಯಂತ್ರ ಮತ್ತೆ ಕಿರುಗುಟ್ಟುತ್ತದೆ, ಉರ್ಸುಲಾ ಉಳಿದದ್ದನ್ನು ಇನ್ನೊಮ್ಮೆ ಕಳಿಸುತ್ತಿದ್ದಾರೆ. ಶಾಫಿ ಮೈಕಲ್‌ಗೆ ಬೆನ್ನು ಹಾಕಿ ಓದುತ್ತಾರೆ, ಕೊನೆಯ ಸಾಲಿನವರೆಗೂ. ಕುತ್ತಿಗೆಗೆ ಏನೂ ಆಗಿಲ್ಲ. ಭುಜದ ಕೀಲು ತಪ್ಪಿತ್ತು, ಕೂರಿಸಿದ್ದಾರೆ. ಪಂದ್ಯ ಮೂರೇ ಅಂಕದಿಂದ ಕೈತಪ್ಪಿತು. ಹುಡುಗ ಈಗ ತಾಯಿಯ ಪಕ್ಕದಲ್ಲೇ ನಿಂತು ಒಂದೇ ಕೈಯಲ್ಲಿ ಪಿಜ್ಜಾ ಮುಕ್ಕುತ್ತಿದ್ದಾನೆ. ಶಾಫಿ ಉಸ್ಸೆಂದು ಉಸಿರು ಬಿಟ್ಟು, ಹೊಸ ಹಾಳೆ ಮೇಲೆ, ಹಳೆಯದು ಕೆಳಗೆ ಇಟ್ಟು ಕೊಡುತ್ತಾರೆ.

ಮೈಕಲ್ ಎರಡನ್ನೂ ಓದಿ ನೀರಿನ ಕ್ಯಾನಿನ ಮೇಲೆ ಕುಳಿತುಬಿಡುತ್ತಾರೆ. ಆಮೇಲೆ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ. ಹಾಳೆಗಳ ಕ್ರಮ ಅವರಿಗೂ ಅರ್ಥವಾಗಿದೆ. ಶಾಫಿಯ ಕೈ ಹಿಡಿದು ಕುಲುಕಿ ಬಸ್ಸು ಹತ್ತುತ್ತಾರೆ.

ಬಸ್ಸು ಅರ್ಧ ಗಂಟೆ ತಡವಾದದ್ದಕ್ಕೆ ಶಾಫಿಗೆ ಎಚ್ಚರಿಕೆ ಪತ್ರ ಬಂದಿದೆ. ಅದನ್ನು ಟೈಪು ಮಾಡಿದವರೂ, ಫೈಲಿಗೆ ಸೇರಿಸಿದವರೂ ಅವರೇ. ತಂಡ ಈ ಋತುವಿನಲ್ಲಿ ಗೆದ್ದದ್ದು ನಾಲ್ಕು, ಸೋತದ್ದು ಆರು. ಹತ್ತೂ ಪಂದ್ಯ ತುಂಬಿದ ನೋಟ್‌ಬುಕ್ಕು ಮೈಕಲ್ ರಜೆಗೆ ಹೋಗುವಾಗ ಹುಡುಗನಿಗೆ ತಲುಪಲಿದೆ.

ಕಂಪನಿಯಿಂದ ಏನು ಬೇಕು ಎಂದು ಕೇಳಿದರೆ ಶಾಫಿ ಮೊದಲು ನಗುತ್ತಾರೆ. ನಂತರ ಯೋಚಿಸಿ ಮೇಜಿನ ಖಾಲಿ ಡ್ರಾವರ್ ಎಳೆದು ತೋರಿಸುತ್ತಾರೆ.

"ಎಂಥದೂ ಬೇಡ. ಫ್ಯಾಕ್ಸ್ ಪೇಪರಿನ ಒಂದು ಹೊಸ ರೋಲು ಯಾವಾಗ್ಲೂ ಇದರಲ್ಲಿ ಇಟ್ಕೊಳ್ಳಿಕ್ಕೆ ಬಿಟ್ರೆ ಸಾಕು."