ಅಕ್ಕನ ತಲೆಯೊಳಗಿನ ಸದ್ದು

ಯಲಿಯೂರಿನ ನಮ್ಮ ಮನೆಗೆ ಸೊಸೆಯರು ನಾವಿಬ್ಬರು. ಹಿರಿಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಒಂದು ದಿನ ಅವಳು ಎಡಗಿವಿ ಹಿಡಿದುಕೊಂಡು, "ವಳಗೆ ಏನೋ ಕುಲುಮೆ ತಿದಿ ಊದ್ದಂಗೆ ಬುಸ್ ಬುಸ್ ಅಂತದೆ ಕಣಮ್ಮಿ" ಎಂದಳು.

ಹುಳ ಹೊಕ್ಕಿದೆ ಎಂದು ಅತ್ತೆ ಬೆಚ್ಚಗಿನ ಎಣ್ಣೆ ಬಿಟ್ಟರು. ಹುಳ ಬರಲಿಲ್ಲ. ಬಿಂದಿಗೆ ಹೊತ್ತರೆ ಸದ್ದು ಜೋರಾಗುತ್ತದೆ ಎಂದು ಅವಳು ಅಂದಾಗ ನನಗೆ ರೇಗಿತು. ಕೆಲಸಕ್ಕೆ ಕರೀಬೇಡಿ, ಊಟಕ್ಕೆ ಮರೀಬೇಡಿ ಅನ್ನುವ ಪೈಕಿ ಇವಳು ಎಂದುಕೊಂಡೆ.

ಗಂಡಸರು ಕಬ್ಬು ಕಡಿಯುತ್ತಿದ್ದರು. ರೈಲಿನಲ್ಲಿ ಮಂಡ್ಯಕ್ಕೆ ಅವಳ ಜೊತೆ ನಾನೇ ಹೋದೆ. ಡಾಕ್ಟರು ಅವಳ ಕಿವಿಯ ಹಿಂದೆ ನಳಿಗೆ ಇಟ್ಟು ಕೇಳಿದರು, ಆಮೇಲೆ ಅದನ್ನು ನನ್ನ ಕಿವಿಗೂ ಕೊಟ್ಟರು. ಬುಸ್, ಬುಸ್. ಅವಳ ನಾಡಿ ಹೊಡೆದ ಹಾಗೇ.

"ರಕ್ತನಾಳಗಳು ಕೂಡಬಾರದ ಕಡೆ ಕೂಡಿಕೊಂಡಿವೆ. ತಲೆ ಮೇಲೆ ಭಾರ ಬೇಡ, ತಿಣುಕೋದು ಬೇಡ" ಎಂದರು. ಅಕ್ಕ ಬಾಗಿಲು ದಾಟಿದ ಮೇಲೆ ನನ್ನನ್ನು ತಡೆದು, "ಸದ್ದು ಇದ್ದಕ್ಕಿದ್ದ ಹಾಗೆ ನಿಂತರೆ ವಾಸಿಯಾಯ್ತು ಅಂತ ತಿಳೀಬೇಡಮ್ಮ. ರಕ್ತ ಮೆದುಳಿನ ಕಡೆಗೆ ದಾರಿ ಹಿಡಿದಿರಬಹುದು. ಅವತ್ತೇ ಕರಕೊಂಡು ಬಾ" ಎಂದರು. ಆ ಮಾತು ಕೇಳಿದವಳು ನಾನೊಬ್ಬಳೇ.

ಆಮೇಲೆ ಇಬ್ಬರ ಪಾಲಿನ ನೀರೂ ನನ್ನ ತಲೆಗೇ ಬಂತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆ ಬಿಟ್ಟು ಓಡಿಬಂದು ಅವಳ ತಲೆಗೆ ಕಿವಿ ಇಡುತ್ತಿದ್ದೆ. ಸದ್ದು ಕೇಳಿದರೆ ಸಮಾಧಾನ. ಬಿಂದಿಗೆ ಎತ್ತುವಾಗ ಅದೇ ಸದ್ದಿನ ಮೇಲೆ ಎಲ್ಲಿಲ್ಲದ ಸಿಟ್ಟು.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ನಗುತ್ತಾ ಬಂದಳು. "ನಿಂತೋಯ್ತು ಕಣಮ್ಮಿ! ಕಿವಿ ತಣ್ಣಗದೆ!"

ಅತ್ತೆ ದೇವರಿಗೆ ದೀಪ ಹಚ್ಚಿದರು. "ಇಷ್ಟ್ ದಿನ ನೀನೇ ಸತ್ತೆ, ಇವತ್ತು ನಾನ್ ಓಯ್ತೀನಿ ಬುಡು" ಎಂದು ಅಕ್ಕ ಬಿಂದಿಗೆ ಕೈಗೆತ್ತಿಕೊಂಡಳು. ಡಾಕ್ಟರ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮರೆತಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ನೀರು ಹೊತ್ತು ಹೊತ್ತು ನನ್ನ ಕತ್ತು ನೋಯುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಬಿಂದಿಗೆಯ ಕೆಳಗಿಡುವ ಬಟ್ಟೆಯ ಸಿಂಬೆಯನ್ನು ಗೂಟದಿಂದ ತೆಗೆದು ನಾನೇ ಅವಳ ಕೈಗೆ ಕೊಟ್ಟೆ.

"ವಸಿ ನೋಡ್ಕಂಡು ಓಗಕ್ಕ" ಎಂದೆ, ಅಷ್ಟೇ.

ಬಾವಿಯ ಹತ್ತಿರ ಬಿಂದಿಗೆ ಸಮೇತ ಬಿದ್ದಳು. ಗಾಡಿ ಕಟ್ಟಿ ಮಂಡ್ಯಕ್ಕೆ ಒಯ್ದರು. ಜೀವ ಉಳಿಯಿತು. ಬಲಗೈಯ ಸ್ವಾಧೀನ ಹೋಯಿತು, ಮಾತೂ ಹೋಯಿತು.

ಆಮೇಲೂ ಎಷ್ಟೋ ದಿನ ಅವಳ ತಲೆಗೆ ಕಿವಿ ಇಟ್ಟು ಕೂರುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ. ನಾನು ಪ್ರೀತಿಯಿಂದ ಹೀಗೆ ಮಾಡುತ್ತಿದ್ದೇನೆ ಎಂದುಕೊಂಡು ಅವಳು ಎಡಗೈಯಲ್ಲಿ ನನ್ನ ತಲೆ ಸವರುತ್ತಿದ್ದಳು. ಅತ್ತೆ ಸಾಯುವತನಕ ಆ ದೇವರನ್ನು ಬೈದರು. ಬೈದುಕೊಳ್ಳಲಿ ಎಂದು ನಾನು ಬಿಟ್ಟೆ.